ಕುಡಚಡೆ ಸ್ಟೇಷನ್ನಿನಲ್ಲಿ ತುಂಬಿದ ಉಡಿ

ಎರಡು ಸಾವಿರದ ಎಂಟನೇ ಇಸವಿ. ನಾನಾಗ ಮಡಗಾಂವದ ಒಂದು ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ನನ್ನ ನಾದಿನಿ ಸುನಂದಾ ಅಲ್ಲಿಯೇ ಸ್ಟಾಫ್ ನರ್ಸ್. ಮನೆಯಲ್ಲಿ ನಾನು ಅವಳಿಗೆ ಅಣ್ಣನ ಹೆಂಡತಿ, ವೈನಿ; ಡ್ಯೂಟಿಯಲ್ಲಿ ಅವಳು ನನ್ನ ಮೇಲಿನವಳು. ಈ ಸಂಬಂಧವನ್ನು ಜಗಳವಿಲ್ಲದೆ ನಡೆಸಿದೆವು ಎಂದರೆ ಸುಳ್ಳಾದೀತು. ದಿನಾ ಜಗಳವಾಡುತ್ತಿದ್ದೆವು, ದಿನಾ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ಈ ವರ್ಷ ಯುಗಾದಿ ಮುಗಿದ ಮೇಲೆ ಅವಳು ಹೃದಯಾಘಾತದಿಂದ ಹೋಗಿಬಿಟ್ಟಳು. ದುಃಖ ಇನ್ನೂ ಆರಿಲ್ಲ. ಆದರೆ ಅವಳ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಅವಳ ಸ್ಕೂಟರಿನ ಸದ್ದು, ಮತ್ತು ಅದರ ಹಿಂದಿನ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ ನಾನು!

ಮಳೆಗಾಲ ಮುಗಿದ ಹೊತ್ತು. ಗರ್ಭಿಣಿಯರ ತಪಾಸಣೆಯ ದಿನ. ಗುಡ್ಡದ ಮೇಲಿನ ವಸತಿ ಮೋತಿ ಡೊಂಗರಿನಿಂದ ರೇಣುಕಾ ಎಂಬ ಹುಡುಗಿ ಬಂದಿದ್ದಳು, ಚೊಚ್ಚಲ ಬಸುರಿ, ಎಂಟನೇ ತಿಂಗಳು. ಜೊತೆಗೆ ಅತ್ತೆ ನೀಲವ್ವ. ವಿಜಯಪುರದ ಕಡೆಯವರು, ಮನೆಯ ಗಂಡಸರು ಗಾರೆ ಕೆಲಸದವರು. ರೇಣುಕಾಳ ಮುಖ, ಕಾಲು ಊದಿದ್ದವು. ಬಿ.ಪಿ. ನೋಡಿದೆ: ನೂರಾ ಅರವತ್ತು, ಕೆಳಗೆ ನೂರಾ ಹತ್ತು. "ಇಲ್ಲೇ ಕುಂದರು, ಡಾಕ್ಟರ್ ನೋಡಬೇಕು" ಎಂದು ಹೇಳಿ ಮೂತ್ರ ಪರೀಕ್ಷೆಗೆ ಕೊಟ್ಟೆ. ಸುನಂದಾ ಗಾಜಿನ ನಳಿಕೆಯನ್ನು ದೀಪಕ್ಕೆ ಹಿಡಿದಳು. ಕಾಯುತ್ತಿದ್ದಂತೆ ಮೂತ್ರ ಒಡೆದ ಹಾಲಿನಂತೆ ಗಟ್ಟಿಯಾಯಿತು. ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿದೆ ಎಂದರ್ಥ. ಬಿ.ಪಿ. ಏರಿ, ಆಲ್ಬುಮಿನ್ ಹೋಗಿ, ಮೈ ಊದಿದರೆ ಅದು ಪ್ರಿ-ಎಕ್ಲಾಂಪ್ಸಿಯಾ. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರೂ ಕೈಬಿಟ್ಟು ಹೋಗಬಹುದು.

ಹೊರಗೆ ಬಂದು ನೋಡಿದರೆ ಬೆಂಚು ಖಾಲಿ. ಅತ್ತೆ-ಸೊಸೆ ಇಬ್ಬರೂ ಇಲ್ಲ.

"ವೈನಿ, ಹತ್ರಿ ಗಾಡಿ!" ಎಂದಳು ಸುನಂದಾ. ಡಾಕ್ಟರಿಗೆ ಒಂದು ಮಾತು ಹೇಳಿ ಹೊರಟೇಬಿಟ್ಟೆವು. ಮೋತಿ ಡೊಂಗರಿನ ಏರಿನಲ್ಲಿ ಸ್ಕೂಟರ್ ಏದುಸಿರು ಬಿಟ್ಟಿತು. ರೇಣುಕಾಳ ಮನೆಗೆ ಬೀಗ. ಪಕ್ಕದ ಮನೆಯವಳು ಬಟ್ಟೆ ಹಿಂಡುತ್ತಲೇ ಹೇಳಿದಳು: "ಕುಡಚಡಿ ಬಸ್ಸಿಗೆ ಹ್ವಾದ್ರಲ್ರಿ. ಕುಬಸಾ ಮಾಡಿ ತವರಿಗೆ ಕಳಸಾಕತ್ತಾರ. ಅಲ್ಲಿ ನೀಲವ್ವನ ತಮ್ಮ ಅದಾನ, ಅಂವನೂ ಕೂಡಿ ರೈಲ ಹತ್ತತಾರಂತ."

ಕುಬಸವೆಂದರೆ ಸೀಮಂತ, ಬಸುರಿಯ ಉಡಿ ಅಂದರೆ ಮಡಿಲು ತುಂಬಿ ತವರಿಗೆ ಕಳಿಸುವ ಶಾಸ್ತ್ರ. ಕುಡಚಡೆ ದಾಟಿದರೆ ಆ ರೈಲು ಘಟ್ಟ ಹತ್ತುತ್ತದೆ. ಸುರಂಗ, ಕಾಡು, ಮತ್ತೆ ಸುರಂಗ. ಅಲ್ಲಿ ಫಿಟ್ಸ್ ಬಂದರೆ ಯಾರನ್ನು ಕರೆಯುವುದು? ಅವರ ಬಳಿ ಮೊಬೈಲೂ ಇರಲಿಲ್ಲ. ಸುನಂದಾ ಆಂಬ್ಯುಲೆನ್ಸಿಗೆ ಫೋನ್ ಮಾಡಿ ಕುಡಚಡೆ ಸ್ಟೇಷನ್ನಿಗೇ ಬರಲು ಹೇಳಿದಳು. ಆಮೇಲೆ ಗಾಡಿ ಓಡಿಸಿದಳು ನೋಡಿ! ಎದುರಿಗೆ ಅದಿರಿನ ಟ್ರಕ್ಕುಗಳ ಸಾಲು, ರಸ್ತೆ ತುಂಬ ಕೆಂಧೂಳು. ನಾನು ಹಿಂದೆ ಕೂತು ನೆನಪಾದ ದೇವರನ್ನೆಲ್ಲ ಕರೆದೆ. "ಸಾವಕಾಶ, ನನಗೂ ಮಕ್ಕಳದಾವ!" ಎಂದು ಕೂಗಿದರೆ, "ಅವ್ರನ್ನ ನಾ ಸಾಕ್ತೀನಿ, ಗಟ್ಟಿ ಹಿಡ್ಕೋರಿ" ಎಂದಳು.

ಸ್ಟೇಷನ್ ಮುಟ್ಟಿದಾಗ ರೈಲು ಇನ್ನೂ ಬಂದಿರಲಿಲ್ಲ. ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಹಸಿರು ಬಳೆ, ಹಸಿರು ಸೀರೆಯ ರೇಣುಕಾ ತಲೆ ಹಿಡಿದುಕೊಂಡು ಕೂತಿದ್ದಳು. "ಅಕ್ಕಾರ, ತಲಿ ಸಿಡ್ಯಾಕತ್ತೈತಿ, ಕಣ್ಣಿಗೆ ಮಬ್ಬು ಬರಾಕತ್ತೈತಿ" ಎಂದಳು. ಇವೆರಡೂ ಫಿಟ್ಸ್ ಹತ್ತಿರ ಬಂದಿರುವ ಸೂಚನೆ.

ನೀಲವ್ವನಿಗೆ ನಾನು ಹೇಳದ ಮಾತಿಲ್ಲ. ಜೀವಕ್ಕೆ ಅಪಾಯ ಎಂದೆ, ಕೈ ಹಿಡಿದೆ, ಗದರಿಸಿದೆ. ಅವಳು ಕೆಟ್ಟವಳಲ್ಲ, ಸೊಸೆಯ ಬೆನ್ನು ನೀವುತ್ತಲೇ ಇದ್ದಳು. ಆದರೆ ಹಟ ಬಿಡಲೊಲ್ಲಳು. "ಉಡಿ ತುಂಬಿ ಹೊಸ್ತಿಲಾ ದಾಟಿಸೇವ್ರಿ. ಹಡಿಯೂ ತನಕಾ ಆಕಿ ಹಿಂದಕ ಬರಾಂಗಿಲ್ಲ. ಚೊಚ್ಚಲ ಬಾಣಂತನಾ ತವರಾಗ ಆಗಬೇಕು. ನಮ್ಮ ಮನಿತನದಾಗ ಒಬ್ಬಾಕಿ ಅರ್ಧಾ ದಾರಿಯಿಂದ ಹಿಂದಕ ಬಂದಿದ್ಲು, ಕೂಸು ಉಳೀಲಿಲ್ಲ." ಅವಳ ಭಯವೂ ಹುಟ್ಟಲಿರುವ ಕೂಸಿನದೇ ಆಗಿತ್ತು. ನಾನು ಮತ್ತೆ ಬಿ.ಪಿ. ಲೆಕ್ಕವನ್ನೇ ಒಪ್ಪಿಸತೊಡಗಿದೆ. ದೂರದಲ್ಲಿ ರೈಲಿನ ಸೀಟಿ ಕೇಳಿಸಿತು.

ಆಗ ಸುನಂದಾ ರೇಣುಕಾಳ ಪಕ್ಕ ಕೂತಳು. "ಹಿಂದಕ ಕರಕೊಂಡ ಹೋಗ್ತೀನಂತ ಯಾರಂದ್ರು ನೀಲವ್ವಾ? ಮುಂದಕ ಕರಕೊಂಡ ಹೋಗ್ತೀನಿ. ನನ್ನ ಮನಿಗೆ. ಇವತ್ತಿನಿಂದ ಅದ ಇಕಿ ತವರು."

"ತವರು ಅನ್ನೂದು ಬರೇ ಬಾಯಿಲೆ ಆಗತೈತೇನ್ರಿ?"

"ಬರೇ ಬಾಯಿಲೆ ಯಾಕ? ಉಡಿ ತುಂಬಿ ಕರೀತೀನಿ!"

ಎದ್ದು ನಿಂತವಳು ಹುಕುಂ ಕೊಡತೊಡಗಿದಳು. ನೀಲವ್ವನ ತಮ್ಮ ತೆಂಗಿನಕಾಯಿಗೆ ಓಡಿದ. ಪಾನ್ ಅಂಗಡಿಯಿಂದ ಎಲೆ-ಅಡಿಕೆ, ಬಾಳೆಹಣ್ಣು ಬಂದವು. ನಾನು ಊರಿಗೆ ಹೊರಟಿದ್ದ ಒಬ್ಬ ಹೆಂಗಸಿನ ಮುಂದೆ ಸೆರಗು ಒಡ್ಡಿ ಅಕ್ಕಿ ಬೇಡಿದೆ. ಅವಳು ಕಾರಣ ಕೇಳಿದವಳೇ ಚೀಲದ ಬಾಯಿ ಬಿಚ್ಚಿ ಬೊಗಸೆ ತುಂಬ ಹಾಕಿದಳು. ಉಳಿದದ್ದು ರವಿಕೆಯ ಖಣ. ಸುನಂದಾ ನನ್ನ ಚೀಲದತ್ತ ನೋಡಿದಳು. ನಮ್ಮ ಮನೆಯವರದು ಬಟ್ಟೆ ಅಂಗಡಿ. ಹೊಸ ಮಾಲಿನಲ್ಲಿ ಆರಿಸಿಕೊಂಡ ಹಸಿರು ಖಣವೊಂದನ್ನು ಅಂದು ಹೊಲಿಯಲು ಕೊಡಬೇಕೆಂದು ತಂದಿದ್ದೆ. ನಾನು "ಏ, ಏ" ಎನ್ನುವಷ್ಟರಲ್ಲಿ ಅದು ಅವಳ ಕೈಯಲ್ಲಿತ್ತು.

ರೈಲು ಬಂದು ನಿಂತಿತು. ಎಲ್ಲವೂ ಸಿಕ್ಕಿತ್ತು, ಕುಂಕುಮ ಒಂದು ಬಿಟ್ಟು. ಸುನಂದಾ ಖಾಲಿ ಬೆರಳು ಹಿಡಿದು ಸುತ್ತ ನೋಡಿದಳು. ನೀಲವ್ವ ರೈಲನ್ನು ನೋಡಿದಳು, ಸೊಸೆಯ ಊದಿದ ಮುಖ ನೋಡಿದಳು. ಆಮೇಲೆ ಸೊಂಟದ ಸಂಚಿ ಬಿಚ್ಚಿ ತನ್ನ ಕುಂಕುಮದ ಭರಣಿ ತೆಗೆದು ಮುಂದೆ ಹಿಡಿದಳು. ಅಯ್ಯೋ, ಆ ಗಳಿಗೆ! ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಸುನಂದಾ ಕುಂಕುಮ ಹಚ್ಚಿ ರೇಣುಕಾಳ ಉಡಿ ತುಂಬುವಷ್ಟರಲ್ಲಿ ರೈಲು ಹೊರಟುಹೋಗಿ ಆಂಬ್ಯುಲೆನ್ಸ್ ಬಂತು. ದಾರಿಯಲ್ಲಿ ನೀಲವ್ವನದು ಮತ್ತೊಂದು ಶರತ್ತು: ತವರಿನ ಹೊಸ್ತಿಲು ತುಳಿಯಲೇಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಸುನಂದಾಳ ಮನೆ ಆಸ್ಪತ್ರೆಯ ದಾರಿಯಲ್ಲಿಯೇ ಇತ್ತು. ಅವಳು ತನ್ನ ಗಂಡನಿಗೆ ಫೋನ್ ಹಚ್ಚಿ, "ಬಾಗಿಲ ಹೊಸ್ತಿಲ ಮಣಿ ಬಿಚ್ಚಿ ರಸ್ತಾಕ್ಕ ತರ್ರಿ" ಎಂದಳು. ಹಳೆಯ ಬಾಡಿಗೆ ಮನೆ, ಹೊಸ್ತಿಲಿನ ಮರ ಮೊದಲೇ ಅಲುಗಾಡುತ್ತಿತ್ತು. ಆ ಪುಣ್ಯಾತ್ಮ ಅದನ್ನು ಕಿತ್ತು ತಂದು ಗಾಡಿಯೊಳಗೆ ಹಿಡಿದ. ಮಲಗಿದ್ದ ರೇಣುಕಾ ಬಲಗಾಲು ತಾಕಿಸಿದಳು, ಗಾಡಿ ಹೊರಟಿತು. ನೀಲವ್ವನೂ ನಕ್ಕಳು.

ದೊಡ್ಡಾಸ್ಪತ್ರೆಯ ಮಂಚದ ಮೇಲೆ ಮಲಗಿಸಿದ ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂದೇಬಿಟ್ಟಿತು. ಫಿಟ್ಸ್ ನಿಲ್ಲಿಸುವ ಮ್ಯಾಗ್ನೀಸಿಯಂ ಇಂಜೆಕ್ಷನ್ ಸಿದ್ಧವಿತ್ತು, ಡಾಕ್ಟರ್ ಪಕ್ಕದಲ್ಲೇ ಇದ್ದರು. ರೈಲು ಆಗ ಘಟ್ಟದಲ್ಲಿತ್ತು. ಆಪರೇಷನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಸಣ್ಣ ಕೂಸು, ದೊಡ್ಡ ದನಿ. ನೀಲವ್ವ ಅದಕ್ಕೆ ಅಲ್ಲೇ ಹೆಸರಿಟ್ಟಳು: ರೈಲವ್ವ. ಶಾಲೆಯ ಹೆಸರು ಬೇರೆ ಇದೆ, ಅದು ಯಾರಿಗೂ ನೆನಪಿಲ್ಲ.

ಸುನಂದಾ ಆಡಿದ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಬಾಣಂತನ ಅವಳ ಮನೆಯಲ್ಲೇ ಆಯಿತು. ಪ್ರತಿ ವರ್ಷ ನಾಗರ ಪಂಚಮಿಗೆ ತಾನೇ ಮೋತಿ ಡೊಂಗರು ಹತ್ತಿ ರೇಣುಕಾಳನ್ನು ಕರೆತರುತ್ತಿದ್ದಳು, ಏಕೆಂದರೆ ಮಗಳು ತಾನಾಗಿ ತವರಿಗೆ ಬರುವಂತಿಲ್ಲ, ಕರೆಯಲು ಬರಬೇಕು. ಅಪಾಯ ಗುರುತಿಸುವುದನ್ನು ನನಗೆ ತರಬೇತಿಯಲ್ಲಿ ಕಲಿಸಿದ್ದರು. ಅಪಾಯದಲ್ಲಿದ್ದವರ ನಂಬಿಕೆಯನ್ನು ಮುರಿಯದೆ, ಅದರೊಳಗಿಂದಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನು ಕಲಿಸಿದವಳು ನನ್ನ ನಾದಿನಿ.

ಅವಳು ಹೋದ ದಿನ ನೀಲವ್ವ ನನ್ನ ಕೈ ಹಿಡಿದು, "ನಮ್ಮ ಸೊಸಿ ತವರು ಹೋತಲ್ರಿ" ಎಂದು ಅತ್ತಿದ್ದಳು. ಆ ಮಾತು ನನ್ನನ್ನು ಬಿಡಲಿಲ್ಲ. ಈ ಪಂಚಮಿಗೆ ನಮ್ಮಲ್ಲಿ ಉಂಡಿ ಕಟ್ಟಲಿಲ್ಲ, ಹಬ್ಬ ಮಾಡುವ ವರ್ಷವಲ್ಲ. ಆದರೆ ಮಗಳನ್ನು ಕರೆಯಬಾರದೆಂದು ಯಾರೂ ಹೇಳಿಲ್ಲವಲ್ಲ! ಸುನಂದಾಳ ತವರು ನನ್ನ ಮನೆಯೇ, ಅದಿನ್ನೂ ಇದೆ. ನೋಯುವ ಮೊಣಕಾಲು ಎಳೆದುಕೊಂಡು ಮೋತಿ ಡೊಂಗರು ಹತ್ತಿದೆ.

ರೈಲವ್ವ ಬಾಗಿಲಲ್ಲೇ ಇದ್ದಳು. "ಯವ್ವಾ, ಬಂದ್ರು!" ಎಂದು ಒಳಗೆ ಓಡಿದಳು. ನೀಲವ್ವ ಹೇಳಿದಳು: "ರೇಣುಕಾ ಮುಂಜಾನಿಂದ ಹೊಸಾ ಸೀರಿ ಉಟಗೊಂಡ ಕುಂತಾಳ್ರಿ. ಯಾರ ಬರ್ತಾರಬೇ ಅಂದ್ರ ಬಾಗಲಾ ನೋಡ್ತಾಳ."

ಚೀಲದಿಂದ ಖಣ ತೆಗೆದೆ. ಹಸಿರು ಖಣ. ಈ ಸಲ ಅದನ್ನು ನನ್ನಿಂದ ಕಸಿದುಕೊಳ್ಳುವವರು ಯಾರೂ ಇರಲಿಲ್ಲ, ನಾನೇ ಆರಿಸಿ ತಂದಿದ್ದೆ. ನಾನು ಕೇಳುವ ಮೊದಲೇ ನೀಲವ್ವ ಸಂಚಿ ಬಿಚ್ಚಿ ಭರಣಿ ಹಿಡಿದಳು. ರೇಣುಕಾಳ ಉಡಿ ತುಂಬಿ ಹೇಳಿದೆ:

"ಏಳವಾ, ನಿಮ್ಮವ್ವನ ತವರಿಗೆ ಹೋಗೂಣು."