ಲೆಕ್ಕಕ್ಕೆ ಸಿಗದ ಏಳು ಹೆಣ್ಣುಮಕ್ಕಳು

ಮೊನ್ನೆ ಅಡುಗೆಮನೆಯ ಕಪಾಟು ಒರೆಸುತ್ತಿದ್ದಾಗ ಡಬ್ಬಿಗಳ ಕೆಳಗೆ ಹಾಸಿದ್ದ ಕಾಗದ ಕೈಗೆ ಬಂತು. ಎರಡೂ ಅಂಚಿಗೆ ಸಾಲು ತೂತು, ಮೈಮೇಲೆ ಹಸಿರು ಪಟ್ಟಿ: ಹಳೇ ಕಂಪ್ಯೂಟರ್ ಕಾಗದ. ಮೂಸಿ ನೋಡಿದೆ. ಇಂಗಿನ ವಾಸನೆಯ ಅಡಿಯಲ್ಲಿ ಶಾಯಿಯ ವಾಸನೆ ಇನ್ನೂ ಇದೆ ಎನ್ನಿಸಿತು. ನಿಮ್ಮ ಮೂಗಿಗೆ ಅದು ಸಿಗಲಾರದು, ಬಿಡಿ.

ಎಂಬತ್ತರ ದಶಕದ ಕೊನೆ. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನಾನು ಅಂಕಿಸಂಖ್ಯೆಯ ಸಹಾಯಕಿ. ಇಡೀ ಕಟ್ಟಡಕ್ಕೆ ಒಂದೇ ಕಂಪ್ಯೂಟರು, ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಅದನ್ನು ಮುಟ್ಟಬಲ್ಲವಳು ನಾನೊಬ್ಬಳೇ ಎಂಬ ಜಂಬ ನನ್ನ ನಡಿಗೆಯಲ್ಲೂ ಇತ್ತಂತೆ. ಖಾನಾಪುರದ ಆರೋಗ್ಯ ಕೇಂದ್ರದಲ್ಲಿ ಆಗ ಕ್ಷಯರೋಗಿಗಳಿಗೆ ಹೊಸ ಗುಳಿಗೆ ಕೊಡುತ್ತಿದ್ದರು. ಪ್ರತಿ ರೋಗಿ ಎಷ್ಟು ತಿಂಗಳು ಕಣ್ಣಿಗೆ ಬಿದ್ದರು, ಕೊನೆಗೆ ಸತ್ತರೋ ಇದ್ದರೋ ಎಂದು ತುಂಬುವುದು ನನ್ನ ಕೆಲಸ. ಸತ್ತರೆ ಒಂದು, ಇದ್ದರೆ ಸೊನ್ನೆ. ಸಾಫ್ಟ್‌ವೇರು ತಿಂಗಳು ತಿಂಗಳಿನ ಸಾವಿನ ಅಪಾಯವನ್ನು ಲೆಕ್ಕ ಹಾಕಿ, ಬದುಕುಳಿದವರ ಪ್ರಮಾಣವನ್ನು ಚುಕ್ಕಿಗಳಲ್ಲಿ ಮೆಟ್ಟಿಲಿನಂತೆ ಬಿಡಿಸುತ್ತಿತ್ತು.

ಅವತ್ತು ಹರೆಯದ ಹೆಣ್ಣುಮಕ್ಕಳ ಮೆಟ್ಟಿಲು ನಡುವೆ ಒಮ್ಮೆಲೇ ಕುಸಿಯಿತು. ಮತ್ತೊಮ್ಮೆ ಓಡಿಸಿದೆ. ಅದೇ.

ದೊಡ್ಡ ಡಾಕ್ಟರು ಕಾಗದ ನೋಡಿ ಕನ್ನಡಕ ತೆಗೆದರು. “ಈ ಗುಳಿಗಿ ಹುಡುಗ್ಯಾರಿಗೆ ಆಗಿಬರವಲ್ದು. ಸೋಮವಾರದಿಂದ ಬಂದ್ ಮಾಡೂಣು.”

“ಸರ್, ಅದರಾಗ ಏಳು ಮಂದಿ ಸತ್ತದ್ದು ಯಾರೂ ನೋಡಿಲ್ರಿ. ಬರೂದು ಬಿಟ್ಟಾರ, ಅಷ್ಟ.”

“ಸಿಗದವ್ರನ್ನ ಸತ್ತಾರಂತನ ಹಿಡೀರಿ ಅಂತ ನಾನ ಹೇಳೇನಿ. ಔಷಧದ ವಿಷಯದಾಗ ಧೈರ್ಯ ಮಾಡಾಕ ಬರೂದಿಲ್ಲ.”

ಅವರ ಮಾತೂ ಸರಿಯೇ. ಆದರೆ ಅಲ್ಲಿ ಬೇರೆ ಔಷಧ ಇರಲಿಲ್ಲ. ಗುಳಿಗೆ ನಿಂತರೆ ಅರ್ಧ ಗುಣವಾದ ಹುಡುಗಿಯರಿಗೆ ರೋಗ ಮರಳುತ್ತದೆ. ಆ ಏಳು ‘ಒಂದು’ಗಳನ್ನು ಒತ್ತಿದ್ದು ನನ್ನ ಬೆರಳು. ಶನಿವಾರ ಬೆಳಿಗ್ಗೆ ಪಟ್ಟಿ ಹಿಡಿದು ಖಾನಾಪುರದ ಬಸ್ಸು ಹತ್ತಿದೆ.

ಮೊದಲ ಹೆಸರು ಮಂಗಲ. ಬಾಗಿಲು ತೆಗೆದ ತಾಯಿಯನ್ನು ಹೇಗೆ ಕೇಳುವುದು?

“ಮಂಗಲ... ಅದಾಳೇನ್ರಿ?”

ಆಕೆ ಓಣಿಯ ಎರಡೂ ಕಡೆ ನೋಡಿ ನನ್ನನ್ನು ಒಳಗೆ ಎಳೆದುಕೊಂಡಳು. “ಸಾವಕಾಶ ಮಾತಾಡ್ರಿ ಅಕ್ಕಾ. ಲಗ್ನಾ ಆಗಿ ನಂದಗಡದಾಗ ಅದಾಳ. ಗುಳಿಗಿ ಬಿಟ್ಟಿಲ್ರಿ. ಗಂಡನ ಮನ್ಯಾಗ ಇಟ್ಟ ಹೊಸ ಹೆಸರಿಲೆ ಬ್ಯಾರೆ ಚೀಟಿ ಮಾಡಿಸ್ಯಾಳ. ಹಳೇದು ಹೊಸಾದು ಎರಡೂ ಹೆಸರು ಒಂದಕಡೆ ಬರೀಬ್ಯಾಡ್ರಿ. ಲಗ್ನಕ್ಕಿಂತ ಮೊದಲ ಈ ಬ್ಯಾನಿ ಇತ್ತಂತ ಬೀಗರಿಗೆ ಗೊತ್ತಾದ್ರ ತಿರುಗಿ ಕಳಸ್ತಾರ ಆಕಿನ್ನ.”

ಲಗ್ನದಲ್ಲಿ ಹೆಣ್ಣಿನ ಹೆಸರು ಬದಲಿಸುವುದು ನಮ್ಮ ಕಡೆಯ ರೂಢಿ. ನನ್ನದೇ ಬದಲಾಗಿ ಆಗಿನ್ನೂ ಒಂದು ವರ್ಷ. ತಾಟಿನ ಅಕ್ಕಿಯಲ್ಲಿ ಗಂಡ ಉಂಗುರದಿಂದ ಬರೆದ ಹೊಸ ಹೆಸರನ್ನು ಬಾಗಿ ಓದಿದವಳು ನಾನು. ಅಂಥ ಜಾಣೆಗೆ ಇದು ಹೊಳೆಯಲಿಲ್ಲ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಬದುಕಿದ್ದಾಳಲ್ಲ ಎಂದು ಅಳು ಬಂತು.

ಮನೆ ಮನೆ ಕೇಳಿ, ಕೇಂದ್ರದ ಚೀಟಿಗಳನ್ನು ಕೆದಕಿ, ಸಂಜೆಯೊಳಗೆ ಆರು ಮಂದಿಯನ್ನು ಹೊಸ ಹೆಸರುಗಳಲ್ಲಿ ಪತ್ತೆ ಹಚ್ಚಿದೆ. ಹೆಸರು ಬರೆಯಲಿಲ್ಲ, ಹಳೇ ಚೀಟಿಯ ನಂಬರಿಗೆ ಹೊಸ ಚೀಟಿಯ ನಂಬರು ಜೋಡಿಸಿದೆ. ಏಳನೆಯವಳು ಶಾಂತಾ. ಅವಳ ತವರಿನವರೇ ಊರು ಬಿಟ್ಟಿದ್ದರು. ಅವಳಿಗೂ ಸೊನ್ನೆ ಹಾಕಿದೆ: ಕೊನೆಯ ಸಲ ಕಂಡಾಗ ಇದ್ದಳು, ಅಷ್ಟೇ ಗೊತ್ತು. ಸೋಮವಾರ ಮೆಟ್ಟಿಲು ಕುಸಿಯಲಿಲ್ಲ. ಡಾಕ್ಟರು ಕಾಗದ ನೋಡಿ, “ಗುಳಿಗಿ ನಡೀಲಿ” ಎಂದರು.

ನಿನ್ನೆ ಖಾನಾಪುರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹೆಂಗಸಿಗೆ ಹೆಚ್ಚೂಕಡಿಮೆ ನನ್ನದೇ ವಯಸ್ಸು. ತಡೆಯಲಾರದೆ ಕೇಳಿಬಿಟ್ಟೆ.

“ಲಗ್ನಕ್ಕಿಂತ ಮೊದಲ ನಿಮ್ಮ ಹೆಸರೇನಿತ್ರಿ?”

ಆಕೆ ನಕ್ಕಳು. “ಕಸ್ತೂರಿ. ಅವ್ವ ಹೋದಮ್ಯಾಲ ಯಾರೂ ಕರದಿಲ್ರಿ.”

ಶಾಂತಾ ಅಲ್ಲ.

“ಮತ್ತ ನಿಮ್ದ್ರಿ?” ಎಂದಳು.

ಹೇಳಿದೆ. ಎಷ್ಟೋ ವರ್ಷಗಳ ಮೇಲೆ ಆ ಹೆಸರು ನನ್ನ ಬಾಯಿಂದ ಬಂತು.