ನರಳದ ಹಾಸಿಗೆ

ಆ ಆಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಆಯಾ ಆಗಿದ್ದವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕುಳಿತು ಒಗೆದ ಬಟ್ಟೆ ಮಡಚುತ್ತಲೇ, ಯಾವ ಹಾಸಿಗೆಯ ನರಳಿಕೆ ಹದ ತಪ್ಪಿದೆಯೆಂದು ಗುರುತಿಸಿ ನರ್ಸನ್ನು ಕರೆದೊಯ್ಯುತ್ತಿದ್ದಳು. ಹಾಸಿಗೆಗಳು ಹೆಚ್ಚು, ನರ್ಸುಗಳು ಕಡಿಮೆ. ಅಳುವ ಮಗುವಿಗೇ ಹಾಲು ಎಂಬ ಮಾತು ಅಲ್ಲಿ ತಾಯಂದಿರಿಗೂ ಅನ್ವಯಿಸುತ್ತಿತ್ತು.

ಹೊಸದಾಗಿ ಬಂದ ಅರಿವಳಿಕೆ ವೈದ್ಯ, ಸಿಸೇರಿಯನ್ ಮುಗಿದೊಡನೆ ಹೊಟ್ಟೆಯ ಎರಡೂ ಪಕ್ಕೆಗಳಿಗೆ ಸೂಜಿಮದ್ದು ಕೊಡತೊಡಗಿದ. ಸ್ಕ್ಯಾನಿಂಗ್ ಪರದೆಯಲ್ಲಿ ಸೂಜಿಯ ಮೊನೆಯನ್ನು ನೋಡುತ್ತ, ಸ್ನಾಯುಪದರಗಳ ನಡುವೆ ಹಾಯುವ ನರಗಳ ಬಳಿ ಮದ್ದು ಬಿಡುತ್ತಿದ್ದ. ಬೆನ್ನಿಗೆ ಕೊಟ್ಟ ಮದ್ದಿನ ಜೋಮು ಇಳಿದ ಮೇಲೂ ಕೊಯ್ದ ಜಾಗದ ನೋವು ಬಹಳ ಹೊತ್ತು ತಲೆಯೆತ್ತುತ್ತಿರಲಿಲ್ಲ.

"ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಲ್ಲ ಡಾಕ್ಟ್ರೇ," ಎಂದಳು ಆಯಾ.

"ನಿಮ್ಮ ಕಿವಿಗೆ ಸ್ವಲ್ಪ ರಜೆ ಕೊಟ್ಟೆ ಅಂದ್ಕೊಳ್ಳಿ ಅಕ್ಕ."

ಆ ಮದ್ದು ಮರಗಟ್ಟಿಸುವುದು ಹೊಟ್ಟೆಯ ಗೋಡೆಯನ್ನಷ್ಟೇ. ಒಳಗೆ ನಡೆಯುವುದಕ್ಕೆ ಅದು ಕಾವಲಲ್ಲ. ವೈದ್ಯ ಇದನ್ನು ಹೇಳಿಯೂ ಇದ್ದ. ಆದರೆ ವಾರ್ಡಿಗೆ ಕಂಡದ್ದು ಸದ್ದಿಲ್ಲದ ಹಾಸಿಗೆಗಳು. ಕ್ರಮೇಣ ಅವನ್ನೆಲ್ಲ ಕೊನೆಯ ಕಿಟಕಿ ಸಾಲಿಗೆ ತಳ್ಳಿದರು. ನರಳುವವರು ಬಾಗಿಲ ಬಳಿ ಉಳಿದರು.

ಆಯಾಳ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಅಲ್ಲಿಗೇ ಬಂದಳು. ಸಿಸೇರಿಯನ್ ಅನಿವಾರ್ಯವೆಂದಾಗ, ಆ ಸೂಜಿಯನ್ನು ತಪ್ಪದೆ ಕೊಡಬೇಕೆಂದು ತಾಯಿಯೇ ವೈದ್ಯನ ಬೆನ್ನುಬಿದ್ದಳು. ಗಂಡುಮಗು ಹುಟ್ಟಿತು. ಮಗಳ ಹಾಸಿಗೆ ಕಿಟಕಿ ಸಾಲಿಗೆ ಹೋಯಿತು.

"ನೋವೇ ಇಲ್ಲಮ್ಮ. ಬಾಯಿ ಮಾತ್ರ ತುಂಬಾ ಒಣಗ್ತಿದೆ."

"ನೋವಿಲ್ದೆ ಹೆತ್ತ ಮಹಾರಾಣಿ ನೀನು, ಇನ್ನೇನು ಬೇಕು? ಸುಮ್ನೆ ಮಲಗು ಪುಟ್ಟಿ." ತುಟಿಗೆ ಒದ್ದೆ ಬಟ್ಟೆ ಒತ್ತಿ, ಬಾಗಿಲ ಬಳಿ ಕಿರುಚುತ್ತಿದ್ದವಳ ಕಡೆಗೆ ಆಯಾ ನಡೆದಳು. ಅವಳಾದ ಮೇಲೆ ಇನ್ನೊಬ್ಬಳು ಕರೆದಳು. ನರ್ಸೂ ಅಲ್ಲೇ ಇದ್ದಳು.

ಹಾಲೂಡಿಸಲೆಂದು ಕೂಸನ್ನೆತ್ತಿಕೊಂಡು ಮರಳಿದಾಗ ಮಗಳ ಕೈ ತಣ್ಣಗಿತ್ತು, ಹಣೆ ಬೆವೆತಿತ್ತು. ಹೊದಿಕೆ ಸರಿಸಿದರೆ ಹಾಸಿಗೆ ರಕ್ತದಲ್ಲಿ ತೊಯ್ದಿತ್ತು. ಗರ್ಭಕೋಶ ಬಿಗಿಯದೆ ಸಡಿಲಾಗಿಯೇ ಉಳಿದಿತ್ತು. ಎಲ್ಲರೂ ಓಡಿಬಂದರು, ರಕ್ತ ಕೊಟ್ಟರು, ಗರ್ಭಕೋಶವನ್ನೂ ತೆಗೆದರು. ಮಗಳು ಉಳಿಯಲಿಲ್ಲ.

"ರಕ್ತ ಹೋಗೋದು ನೋವು ಕೊಡಲ್ಲ ಅಕ್ಕ," ಎಂದ ವೈದ್ಯ. "ಆ ಇಂಜೆಕ್ಷನ್ ಇಲ್ದಿದ್ರೂ ಇದು ಆಗ್ತಿತ್ತು."

"ಆಗ್ತಿತ್ತು. ಆದ್ರೆ ಅವಳು ಕೂಗ್ತಿದ್ಲು. ಹೊಲಿಗೆ ನೋವಿಗಾದ್ರೂ ಕೂಗ್ತಿದ್ಲು. ನಾನು ಹೋಗ್ತಿದ್ದೆ."

ಇಬ್ಬರ ಮಾತೂ ನಿಜ. ತಪ್ಪು ಮದ್ದಿನದಲ್ಲ, ಸದ್ದಿಲ್ಲದವರು ಕ್ಷೇಮವೆಂದು ಬಗೆದ ವಾರ್ಡಿನದು. ಆದರೆ ಆಯಾ ವಾರ್ಡನ್ನು ದೂರಲು ಹೊರಟರೆ ತನ್ನನ್ನೂ ದೂರಿಕೊಳ್ಳಬೇಕು. ಸೂಜಿಯನ್ನು ದೂರುವುದು ಸುಲಭ. ಕೆಲಸಕ್ಕೆ ಮರಳಿದ ಮೇಲೆ, ಆಪರೇಷನ್ ಥಿಯೇಟರಿಗೆ ಒಯ್ಯುವ ಗಾಡಿಯ ಪಕ್ಕದಲ್ಲಿ ನಡೆಯುತ್ತ ಆಕೆ ಪ್ರತಿಯೊಬ್ಬಳಿಗೂ ಪಿಸುಗುಡುತ್ತಿದ್ದಳು: "ಪಕ್ಕೆಗೆ ಸೂಜಿ ಬೇಡ ಅನ್ನು, ತಾಯಿ."

ಬಹಳ ಮಂದಿ ಬೇಡವೆಂದರು. ಕಿಟಕಿ ಸಾಲು ಮತ್ತೆ ನರಳತೊಡಗಿತು. ಅಲ್ಲೊಬ್ಬಳು ಹೊಲಿಗೆಯ ಉರಿ ತಾಳಲಾರದೆ ಆಯಾಳ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಳು.

"ನೀನೇ ಅಲ್ವಾ ಬೇಡ ಅನ್ನು ಅಂದಿದ್ದು? ಸಾಯ್ತಿದ್ದೀನಿ ಅಕ್ಕ."

ಆಯಾ ಕೈ ಬಿಡಿಸಿಕೊಳ್ಳಲಿಲ್ಲ.

"ಕೂಗು ಮಗಳೇ," ಎಂದಳು. "ಇನ್ನೂ ಜೋರಾಗಿ ಕೂಗು."