ವಾರಗಿತ್ತಿಯ ಅರಳೆಲೆ

ನನ್ನ ವಾರಗಿತ್ತಿಗೆ ಒಬ್ಬ ತಮ್ಮನಿದ್ದ. ಮಿಲಿಟರಿ ಬಿಟ್ಟು ಬಂದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದವನು. ಅವನಿಗೆ ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ ಯುದ್ಧಕಾಲದ ಒಂದು ಡಿಟೆಕ್ಟರ್ ಸಿಕ್ಕಿತ್ತು. ನೆಲದಡಿ ಹೂತಿಟ್ಟ ಬಾಂಬು ಹುಡುಕುವ ಯಂತ್ರ. ರೇಡಿಯೋ ರಿಪೇರಿಯ ಸಾಹೇಬರೊಬ್ಬರು ಅದಕ್ಕೆ ಜೀವ ಕೊಟ್ಟರು. ಭಾನುವಾರ ಬಂತೆಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಳೇನಗರದ ಕೋಟೆ ದಿಬ್ಬದ ಮೇಲೆ, ನೆಲಕ್ಕೆ ಇಸ್ತ್ರಿ ಹಾಕುವವನಂತೆ ಓಡಾಡುತ್ತಿದ್ದ. ಸಿಕ್ಕಿದ್ದೆಲ್ಲ ಮೊಳೆ, ಕುದುರೆ ಲಾಳ.

“ಕಬ್ಬಿಣದ ಊರಲ್ಲಿ ಕಬ್ಬಿಣ ಹುಡುಕೋಕೆ ಯಂತ್ರ ಬೇರೆ ಬೇಕಾ ಮಾರಾಯ?” ಎಂದು ನಾನು ಅವನನ್ನು ರೇಗಿಸುತ್ತಿದ್ದೆ.

ಒಂದು ಭಾನುವಾರ ಅವನು ನಮ್ಮ ಅಡುಗೆಮನೆಗೆ ಬಂದು ಕರ್ಚೀಫು ಬಿಚ್ಚಿದ. ಒಳಗೆ ಕಪ್ಪಾದ ಒಂದು ಸಣ್ಣ ಸರಪಳಿ, ಅದರಲ್ಲಿ ತೂಗುವ ಅರಳೆಲೆ. ಪುಟ್ಟ ಹೆಣ್ಣುಮಕ್ಕಳ ಸೊಂಟಕ್ಕೆ ಕಟ್ಟುತ್ತಾರಲ್ಲ, ಅರಳಿ ಎಲೆಯ ಆಕಾರದ ಬೆಳ್ಳಿ, ಅದು. ಅವನು ಅದನ್ನು ಅಕ್ಕನ ಕೈಗಿಟ್ಟ.

ನನ್ನ ಹೊಟ್ಟೆ ಧಗಧಗ ಉರಿಯಿತು. ಅಂಬೆಗಾಲಿಡುವ ಮಗಳು ನನಗಿದ್ದಳು. ಅವಳ ಸೊಂಟದಲ್ಲಿ ಬರಿ ಕರಿದಾರ. ಅರಳೆಲೆ ಮಾಡಿಸಿ ಎಂದು ಹೊಳಲೂರಿನ ತವರಿಗೆ ಹೇಳಿ ಹೇಳಿ ಬಾಯಿ ಬತ್ತಿತ್ತು. ವಾರಗಿತ್ತಿಗೆ ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಪಕ್ಕದಲ್ಲೇ ಇದ್ದರೆಂದು ನುಂಗಿಕೊಂಡೆ.

ಅತ್ತೆ ಅದನ್ನು ತೊಳೆಯುವ ಕೆಲಸವನ್ನು ನನಗೇ ವಹಿಸಿದರು. ಹುಣಸೆಹಣ್ಣು, ಒಲೆಯ ಬೂದಿ ತೆಗೆದುಕೊಂಡು ಬಚ್ಚಲಲ್ಲಿ ಕೂತೆ. ಬೆಳ್ಳಿಯಲ್ಲ, ಬರಿ ಜರ್ಮನ್ ಸಿಲ್ವರ್ ಎಂದು ಗೊತ್ತಾಗಲಿ, ಅವಳ ಮುಖ ಸಣ್ಣದಾಗಲಿ ಎಂದು ಜೀವ ಬಿಟ್ಟು ತಿಕ್ಕಿದೆ. ತಿಕ್ಕಿದಷ್ಟೂ ಬೆಳ್ಳಗಾಯಿತು. ನನ್ನ ಕೈಯಾರೆ ಅವಳ ಬೆಳ್ಳಿಯನ್ನು ಫಳಫಳ ಮಾಡಿ ತಂದುಕೊಟ್ಟೆ.

ಅವಳು ಅದನ್ನು ತಿರುಗಿಸಿ ನೋಡಿದಳು. “ಚೆನ್ನಾಗಿದೆ ಅಲ್ವಾ ಅಕ್ಕ? ನಾನಿಟ್ಕೊಂಡು ಏನ್ಮಾಡ್ಲಿ? ಪುಟ್ಟಿಗೇ ಕಟ್ಟು” ಎಂದಳು.

ಸಿಕ್ಕಿತಲ್ಲ ಎಂದು ಹಿಗ್ಗಬೇಕಿತ್ತು. ಉರಿ ಇನ್ನೂ ಜಾಸ್ತಿಯಾಯಿತು. ಸಿಗುವ ಭಾಗ್ಯ ಅವಳದು, ಈಗ ಕೊಡುವ ದೊಡ್ಡತನವೂ ಅವಳದೇ! ಆದರೂ ಬೇಡವೆನ್ನಲಿಲ್ಲ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸರಪಳಿ ಸುತ್ತಲು ಹೋದೆ. ಹಾಕಿದಂತೆಯೇ ಇದ್ದ ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಉಗುರು ಹಾಕಿದೆ, ಹೇರ್‌ಪಿನ್ ಹಾಕಿದೆ, ಜಗ್ಗಲಿಲ್ಲ.

“ತಾ ಇಲ್ಲಿ” ಎಂದು ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಕೊಂಡಿಯನ್ನು ತಿರುಗಿಸಿ ನೋಡಿ ಹೇಳಿದರು: “ಕಳ್ಳರಿಗೆ ಹೆದರಿ ಹೂತಿಟ್ಟೋರು ಬಿಚ್ಚಿ ಇಡ್ತಾರೆ ಕಣೇ. ಇದನ್ನ ಯಾರೂ ಬಿಚ್ಚೇ ಇಲ್ಲ. ಸೊಂಟದ ಮೇಲೆ ಹೆಂಗಿತ್ತೋ ಹಂಗೇ ಮಣ್ಣಿಗೆ ಹೋಗಿದೆ.”

ಎಳೆಗೂಸುಗಳನ್ನು ಸುಡುವುದಿಲ್ಲ, ಹೂಳುತ್ತಾರೆ. ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಮಗಳನ್ನು ಬಾಚಿಕೊಂಡು ಹಿಂದೆ ಸರಿದೆ. “ಆಚೆಗೆ ಎಸೀರಿ ಅದನ್ನ!” ಎಂದು ಕಿರುಚಿದೆ. ತಮ್ಮ ಮುಂದೆ ಬಂದ. “ಎಲ್ಲಿ ತೆಗೆದ್ನೋ ಅಲ್ಲೇ ಹೂತು ಬರ್ತೀನಿ” ಎಂದು ಕೈ ಚಾಚಿದ.

ವಾರಗಿತ್ತಿ ಕೊಡಲಿಲ್ಲ. ಅತ್ತೆಯ ಕೈಯಿಂದ ಅರಳೆಲೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

“ಬೇಡ ಕಣೋ. ಅಷ್ಟು ವರ್ಷ ಮಣ್ಣಲ್ಲಿ ಒಂಟಿಯಾಗಿ ಇದ್ದಿದ್ದು ಸಾಕು. ನನ್ ಹತ್ರ ಇರ್ಲಿ” ಎಂದಳು.

ಅಪಶಕುನ ಎಂದು ಅತ್ತೆ ಗದರಿದರು, ತಮ್ಮ ಬೇಡಿಕೊಂಡ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಅದನ್ನು ಎದೆಗೆ ಒತ್ತಿಕೊಂಡು ಗೋಡೆಗೊರಗಿ ಕೂತಳು. ನನ್ನ ಕಂಕುಳಲ್ಲಿ ಬೆಚ್ಚಗೆ, ಕೊಸರಾಡುವ ಮಗಳಿದ್ದಳು. ಆದರೂ ವಾರಗಿತ್ತಿಯನ್ನು ನೋಡನೋಡುತ್ತ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ನಾನು ಕಿರುಚಿ ದೂರ ತಳ್ಳಿದ, ಮಣ್ಣಲ್ಲಿದ್ದ ಆ ಮಗುವನ್ನು ಅವಳು ಎತ್ತಿಕೊಂಡಿದ್ದಳು.